ಲೋ ವೋಲ್ಟೇಜಿನ ಪ್ಲೇಟು

ನಮ್ಮ ಮನೆಯ ಹಜಾರದಲ್ಲಿ ಒಂದು ಸ್ಟೆಬಿಲೈಸರ್ ಇದೆ. ಫ್ರಿಜ್ಜಿಗೆಂದು ತಂದದ್ದು. ಆ ಫ್ರಿಜ್ಜು ಹೋಯಿತು, ಅದರ ನಂತರದ್ದೂ ಹೋಯಿತು, ಈಗಿನದಕ್ಕೆ ಇದು ಬೇಕೇ ಇಲ್ಲವಂತೆ. ಆದರೂ ಎಸೆದಿಲ್ಲ. ನನ್ನ ಹೆಂಡತಿ ಗೌರಿ ಅದರ ಮೇಲೆ ಕಸೂತಿ ಬಟ್ಟೆ ಹಾಸಿ ಹೂದಾನಿ ಇಟ್ಟಿದ್ದಾಳೆ. ಪ್ಲಗ್ಗು ಮಾತ್ರ ನಾನು ತೆಗೆದಿಲ್ಲ. ದಿನಕ್ಕೊಮ್ಮೆ ಹೋಗಿ ಅದರ ಮುಳ್ಳು ನೋಡುತ್ತೇನೆ. ಇನ್ನೂರ ಮೂವತ್ತು. ಬೆಳಿಗ್ಗೆ ನೋಡಿದರೂ ಅಷ್ಟೇ, ಸಂಜೆ ನೋಡಿದರೂ ಅಷ್ಟೇ. ವಿರಾಜಪೇಟೆಗೆ ಇಷ್ಟು ಒಳ್ಳೆಯ ವೋಲ್ಟೇಜು ಬರುತ್ತದೆ ಎಂದು ನಮ್ಮಪ್ಪನಿಗೆ ಹೇಳಿದ್ದರೆ ನಂಬುತ್ತಿರಲಿಲ್ಲ. ನಾನು ಕರೆಂಟ್ ಆಫೀಸಿನಲ್ಲಿ ದುಡಿದು ನಿವೃತ್ತನಾದವನು. ಆ ಮುಳ್ಳನ್ನು ಅಲ್ಲಿಗೆ ಏರಿಸಿದ್ದರಲ್ಲಿ ನನ್ನದೂ ಒಂದು ಕೈಯಿದೆ. ಈಗ ಅದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಯಾಕೆ ಎಂದು ಹೇಳಬೇಕಾದರೆ ಒಂದು ಪ್ಲೇಟಿನ ವಿಷಯ ಹೇಳಬೇಕು. ಪ್ಲೇಟು ಎಂದರೆ ಊಟದ ತಟ್ಟೆಯಲ್ಲ, ಹಾಡಿನದು. ಕರ್ರಗೆ, ಅಗಲಕ್ಕೆ, ನಡುವೆ ತೂತು ಇರುವುದು. ಪ್ಲೇಟಿಗಿಂತ ಮೊದಲು ಅಪ್ಪನ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಅದು ನಮ್ಮ ಮನೆಗೆ ಹೇಗೆ ಬಂತು ಎಂದು ಕೇಳುತ್ತೀರಿ.

ನಮ್ಮಪ್ಪ ರೈಟರ್. ಹೀಗೆಂದರೆ ಹೊರಗಿನವರು ಕೈಮುಗಿದು ಯಾವ ಕಾದಂಬರಿ ಬರೆದಿದ್ದಾರೆ ಎಂದು ವಿಚಾರಿಸುತ್ತಾರೆ. ಕೊಡಗಿನಲ್ಲಿ ರೈಟರ್ ಎಂದರೆ ಎಸ್ಟೇಟಿನ ಗುಮಾಸ್ತ. ಕೆಲಸಕ್ಕೆ ಬಂದವರ ಹೆಸರು, ಬಾರದವರ ಹೆಸರು, ಇವೆರಡೇ ಅಪ್ಪ ಬರೆದ ಸಾಹಿತ್ಯ. ಅಮ್ಮತ್ತಿಯಿಂದ ಒಳಗೆ ಹೋದರೆ ಸಿಗುವ ಒಂದು ಕಾಫಿ ತೋಟ ಅದು. ಮೇಲೆ ಬಂಗಲೆ, ಕೆಳಗೆ ಕೂಲಿಯವರ ಸಾಲುಮನೆಗಳ ಲೈನು, ನಡುವೆ ನಮ್ಮ ಕ್ವಾರ್ಟರ್ಸು. ತ್ರಿಶಂಕು ಸ್ವರ್ಗ ಎಂದರೆ ಏನೆಂದು ನನಗೆ ಮೇಷ್ಟರು ಹೇಳಿಕೊಡಬೇಕಾಗಿರಲಿಲ್ಲ.

ಬಂಗಲೆಯ ಕೊನೆಯ ಇಂಗ್ಲಿಷ್ ದೊರೆ ತೋಟ ಮಾರಿ ಹೊರಟಾಗ ನನಗೆ ಎಂಟೋ ಒಂಬತ್ತೋ ವರ್ಷ. ಹೋಗುವಾಗ ಅವನು ಅಪ್ಪನಿಗೆ ಒಂದು ರೆಕಾರ್ಡ್ ಪ್ಲೇಯರ್ ಪೆಟ್ಟಿಗೆಯನ್ನೂ ನಾಲ್ಕು ಪ್ಲೇಟುಗಳನ್ನೂ ಕೊಟ್ಟ. ಮೂರು ಪೊಲೀಸ್ ಬ್ಯಾಂಡಿನಂಥವು. ನಾಲ್ಕನೆಯದು ರಜೆಗೆ ಬಂದಿದ್ದ ಅವನ ತಂಗಿಯ ಮಗ ಬಿಟ್ಟುಹೋದದ್ದು. ಅದರ ರಟ್ಟಿನ ಮೇಲೆ ಚರ್ಚಿನೊಳಗಿನ ದೊಡ್ಡ ಆರ್ಗನ್ನಿನ ಚಿತ್ರ, ಆರ್ಗನ್ನಿನ ಮೇಲೆ ಕಾವಿಗೆ ಕೂತ ಒಂದು ಕೆಂಪು ಕೋಳಿ. ಅಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, ಇದು ಕ್ರೈಸ್ತರ ಭಕ್ತಿಗೀತೆ ಎಂದು ತೀರ್ಪು ಕೊಟ್ಟರು. ಕೋಳಿಯಾದರೋ ಬೈಬಲ್ಲಿನಲ್ಲಿ ಶಿಷ್ಯ ಮೂರು ಸಲ ಸುಳ್ಳು ಹೇಳಿದ ಮೇಲೆ ಕೂಗುವ ಕೋಳಿಯಂತೆ. ಲೈನಿನ ಮೇಸ್ತ್ರಿ ಅಂತೋಣಿಯನ್ನು ಕರೆಸಿ ತೋರಿಸಿದರು. ಅವನು ಪಕ್ಕಾ ಕ್ಯಾಥೊಲಿಕ್. ಅವನೂ ಚಿತ್ರಕ್ಕೆ ಕೈಮುಗಿದ.

ಆ ಅಂತೋಣಿಯ ತಾಯಿ ತೀರಿಕೊಂಡ ದಿನ ಈ ಪ್ಲೇಟಿನ ನಿಜವಾದ ಜೀವನ ಶುರುವಾಯಿತು. ಬೇಸಿಗೆಯ ಮಧ್ಯಾಹ್ನ. ಅಂತೋಣಿ ನಮ್ಮ ಜಗಲಿಯ ಕೆಳಗೆ ಟವೆಲ್ ಹಿಂಡುತ್ತ ನಿಂತ. "ರೈಟ್ರೇ, ಅಮ್ಮಾ ಪೋಯ್ಟಾಂಗ. ಫಾದರ್ ಬರೋದು ಸಾಯಂಕಾಲ ಆಗ್ತದಂತೆ. ಅಲ್ಲೀವರೆಗೆ ಆ ಚರ್ಚ್ ಪ್ಲೇಟ್ ಕೊಂಚ ಹಾಕಿ ಸ್ವಾಮಿ."

ಅಪ್ಪ ಪೆಟ್ಟಿಗೆಯನ್ನು ಜಗಲಿಗೆ ತಂದು ಪ್ಲೇಟು ಹಾಕಿದರು. ಈಗ ನಮ್ಮ ಆಗಿನ ಕರೆಂಟಿನ ಬಗ್ಗೆ ಒಂದು ಮಾತು. ತಂತಿ ಬಂಗಲೆಯಿಂದ ಮರದ ಕಂಬಗಳ ಮೇಲೆ ಇಳಿದು ನಮ್ಮಲ್ಲಿಗೆ ಬರುವಷ್ಟರಲ್ಲಿ ಅದರಲ್ಲಿ ಜೀವ ಇರುತ್ತಿರಲಿಲ್ಲ. ಅದೂ ಕಾಫಿ ಹೂವಿಗೆ ನೀರು ಹಾರಿಸುವ ಕಾಲ. ಕೆರೆಯ ಹತ್ತಿರ ಪಂಪು ಶುರುವಾಯಿತೆಂದರೆ ನಮ್ಮ ಬಲ್ಬು ಸೇದಿ ಬಿಟ್ಟ ಬೀಡಿಯ ತುದಿಯಷ್ಟು ಕೆಂಪಗೆ ಉರಿಯುತ್ತಿತ್ತು. ಪ್ಲೇಟೂ ಹಾಗೆಯೇ ತಿರುಗಿತು. ಆರ್ಗನ್ನು ನೆಲದಡಿಯಿಂದ ನರಳುವ ಹಾಗೆ ಹೊರಟಿತು. ಹಾಡುವವನ ದನಿ ಎಂಬತ್ತು ವರ್ಷದ ಮುದುಕನದು. ಒಂದೊಂದು ಮಾತನ್ನೂ ಬಾವಿಯಿಂದ ಸೇದುವಂತೆ ಎಳೆದು ಎಳೆದು ಅದೇನೋ ಒಂದು ಪದವನ್ನು ಮತ್ತೆ ಮತ್ತೆ ಹೇಳುತ್ತಿದ್ದ. ಅದು "ಲಾರ್ಡ್" ಎಂದು ಅಪ್ಪ ಹೇಳಿದರು. ನಮ್ಮಮ್ಮನಿಗೆ "ರಾಮ" ಎಂದು ಕೇಳಿತು. ಅಂತೋಣಿ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತ. ಲೈನಿನಿಂದ ಒಬ್ಬೊಬ್ಬರೇ ಮೇಲೆ ಬಂದರು. ಎಲ್ಲರೂ ಅತ್ತರು. ನಾನೂ ಅತ್ತೆ. ಆ ಮುದುಕಿ ನನಗೆ ಒಮ್ಮೆ ಕೋಲಿನಿಂದ ಹೊಡೆದಿದ್ದಳು, ಆದರೂ ಅತ್ತೆ.

ಕೊಡವರ ಮನೆಯಲ್ಲಿ ಸಾವಾದರೆ ಕೋವಿಯಿಂದ ಎರಡು ಗುಂಡು ಹಾರಿಸುತ್ತಾರೆ, ಬೆಟ್ಟದಾಚೆಗೂ ತಿಳಿಯುತ್ತದೆ. ಲೈನಿನವರಿಗೆ ಕೋವಿ ಎಲ್ಲಿಂದ ಬರಬೇಕು? ಅವರಿಗೆ ಪ್ಲೇಟು ಬಂತು. ಅಲ್ಲಿಂದ ಮುಂದೆ ತಮಿಳರಾಗಲಿ, ಮಲಯಾಳಿಗಳಾಗಲಿ, ಎರವರಾಗಲಿ, ಯಾರು ಸತ್ತರೂ ರೈಟರ ಜಗಲಿಯಲ್ಲಿ ಆ ಪ್ಲೇಟು ಒಂದು ಕಡೆ ಪೂರ್ತಿ ತಿರುಗಿದ ಮೇಲೆಯೇ ಹೆಣ ಎತ್ತುತ್ತಿದ್ದದ್ದು. ಇದಕ್ಕೊಂದು ಕ್ರಮವೂ ಹುಟ್ಟಿಕೊಂಡಿತು. ಮಳೆಗಾಲದಲ್ಲಿ ಪಂಪು ನಡೆಯುವುದಿಲ್ಲವಲ್ಲ, ಆಗ ವೋಲ್ಟೇಜು ಸ್ವಲ್ಪ ಮೇಲಿದ್ದು ಹಾಡು ಚುರುಕಾಗಿಬಿಡುತ್ತಿತ್ತು. ಅದು ಪ್ಲೇಟಿನ ದೋಷವೆಂದೇ ನಮ್ಮೆಲ್ಲರ ನಂಬಿಕೆ. ಅಪ್ಪ ಪ್ಲೇಟಿನ ಮೇಲಿಂದ ಮುಳ್ಳು ಎತ್ತಿ, "ತಡೀರಿ, ಪಂಪ್ ಹಾಕ್ಲಿ" ಎನ್ನುತ್ತಿದ್ದರು. ಒಬ್ಬ ಕೆರೆಗೆ ಓಡುತ್ತಿದ್ದ. ಸುರಿಯುವ ಮಳೆಯಲ್ಲಿ, ತುಂಬಿದ ಕೆರೆಯ ನೀರನ್ನು ಪಂಪು ಎತ್ತಿ ಮತ್ತೆ ಅದೇ ಕೆರೆಗೆ ಬಿಡುತ್ತಿತ್ತು. ಬಲ್ಬು ಕೆಂಪಾಗುತ್ತಿತ್ತು. ಆಗ ಅಪ್ಪ ಮುಳ್ಳು ಇಳಿಸುತ್ತಿದ್ದರು. ಹೊಸ ಸಾಹುಕಾರರು ಇದನ್ನು ನೋಡಿದ್ದರೆ ಏನು ಹೇಳುತ್ತಿದ್ದರೋ, ಅವರು ನೋಡಲಿಲ್ಲ.

ಪ್ಲೇಟು ಒರೆಸಿ ಒಳಗಿಡುವ ಕೆಲಸ ನಮ್ಮಕ್ಕನದು. ಅಕ್ಕನ ಹೆಸರು ದೇವಕ್ಕಿ, ನನಗಿಂತ ಎಂಟು ವರ್ಷ ದೊಡ್ಡವಳು. ನನಗೆ ಅದನ್ನು ಮುಟ್ಟಲು ಬಿಡುತ್ತಿರಲಿಲ್ಲ. ನನ್ನ ಕೈಗೆ ಸಿಕ್ಕಿದ್ದು ಬಾಳುವುದಿಲ್ಲ ಎಂದು ಅವಳ ಅಭಿಪ್ರಾಯ. ಅದು ಎಷ್ಟು ಸರಿ ಎಂದು ಮುಂದೆ ನಿಮಗೇ ತಿಳಿಯುತ್ತದೆ.

ನನಗೆ ಹದಿನಾಲ್ಕಾದಾಗ ಅಪ್ಪ ಹೋದರು. ಆಷಾಢದ ಗಾಳಿಗೆ ಮರ ಬಿದ್ದು ತಂತಿ ಹರಿದು ಮೂರು ದಿನವಾಗಿತ್ತು. ಲೈನು ಪೂರ್ತಿ ಬಂದು ಜಗಲಿಯ ಕೆಳಗೆ ಎಲೆಯಿಂದ ಹೆಣೆದ ಗೊರಬೆ ಮಳೆಗೆ ಹೊದ್ದು ನಿಂತಿತು. ಊರಿಗೆಲ್ಲ ಪ್ಲೇಟು ಹಾಕಿದ ಮನುಷ್ಯನಿಗೇ ಪ್ಲೇಟಿಲ್ಲ ಎಂಬುದು ಎಲ್ಲರ ಮುಖದಲ್ಲಿ ಕಾಣುತ್ತಿತ್ತು. ಆಗ ಅಕ್ಕ ಒಳಗೆ ಹೋಗಿ ಪೆಟ್ಟಿಗೆ ತಂದು ಅಪ್ಪನ ತಲೆಯ ಹತ್ತಿರ ಇಟ್ಟಳು. ಪ್ಲೇಟಿನ ಮೇಲೆ ಮುಳ್ಳು ಇಳಿಸಿದಳು. ತೋರುಬೆರಳನ್ನು ಪ್ಲೇಟಿನ ನಡುವಿನ ಕಾಗದದ ಮೇಲಿಟ್ಟು ತಿರುಗಿಸತೊಡಗಿದಳು.

ಕರೆಂಟಿಲ್ಲದಿದ್ದರೂ ಮುಳ್ಳು ಹಾಡುತ್ತದೆ ಎಂದು ನನಗೆ ಗೊತ್ತಾದದ್ದು ಅಂದೇ. ಸೊಳ್ಳೆಯಷ್ಟು ಸಣ್ಣ ದನಿ. ಅಂತೋಣಿ ಮೆಟ್ಟಿಲು ಹತ್ತಿ ಬಂದು ಮೊಣಕಾಲೂರಿ ಪ್ಲೇಟಿಗೆ ಕಿವಿ ಹಚ್ಚಿದ. ಅವನ ಹಿಂದೆ ಇನ್ನೊಬ್ಬ. ಹೀಗೆ ಸರದಿಯಂತೆ ಲೈನಿನವರೆಲ್ಲ ಬಗ್ಗಿ ಒಂದೊಂದು ಗಳಿಗೆ ಕೇಳಿ ಹೋದರು. ಅಕ್ಕ ತಲೆಯೆತ್ತಲಿಲ್ಲ. ಪಂಪಿನ ವೇಗಕ್ಕೆ ಸರಿಯಾಗಿ, ಅವಸರಿಸದೆ, ಒಂದು ಕಡೆ ಮುಗಿಯುವವರೆಗೆ ತಿರುಗಿಸಿದಳು. ಆಮೇಲೆ ಬೆರಳು ಮಡಚಲಾರದೆ ಸೆರಗಿನಲ್ಲಿ ಸುತ್ತಿಕೊಂಡು ನನಗೆ ಹೇಳಿದಳು. "ಕುಶಾಲ, ನನ್ನ ದಿನ ನೀ ಹಾಕ್. ಕರೆಂಟ್ ಇಲ್ಲದಿದ್ದರೆ ಬೆರಳ್ಲಿ ತಿರ್ಗ್ಸ್."

ನಾನು ಹೂಂ ಎಂದೆ. ಕುಶಾಲಪ್ಪ ನನ್ನ ಹೆಸರು. ಕುಶಾಲು ಎಂದರೆ ನಮ್ಮಲ್ಲಿ ತಮಾಷೆ, ಮತ್ತು ಹೆಸರಿಗೆ ತಕ್ಕ ಹಾಗೆಯೇ ಬದುಕಿದ್ದೇನೆ. ಅಪ್ಪ ಹೋದ ದಿನ ಕರೆಂಟಿರಲಿಲ್ಲ ಎಂಬ ಛಲಕ್ಕೇ ಕರೆಂಟ್ ಆಫೀಸು ಸೇರಿದೆ ಎಂದು ಜನರ ಮುಂದೆ ಹೇಳಿಕೊಳ್ಳುತ್ತೇನೆ. ನಿಜ ಹೇಳಬೇಕೆಂದರೆ ನನಗೆ ಸಿಕ್ಕಿದ್ದು ಅದೊಂದೇ ಕೆಲಸ.

ಅಪ್ಪ ಹೋದ ಮೇಲೆ ಕ್ವಾರ್ಟರ್ಸು ಬಿಟ್ಟೆವು, ಪೆಟ್ಟಿಗೆಯೂ ಪ್ಲೇಟೂ ನನ್ನ ಜೊತೆ ಬಂದು ವಿರಾಜಪೇಟೆಯ ಅಟ್ಟ ಸೇರಿದವು. ಅಕ್ಕ ಮದುವೆಯಾದಳು, ಬೇಗ ಗಂಡನನ್ನು ಕಳೆದುಕೊಂಡಳು, ಅಂಗನವಾಡಿಯಲ್ಲಿ ದುಡಿದಳು, ನಿವೃತ್ತಳಾಗಿ ನಮ್ಮ ಮನೆಗೆ ಬಂದಳು. ಬಂದ ದಿನವೇ ಕೇಳಿದಳು. "ಪ್ಲೇಟ್ ಉಟ್ಟಲ್ಲಾ?" ನಮ್ಮ ಅರೆಭಾಷೆಯಲ್ಲಿ ಇದೆ ಎನ್ನುವುದಕ್ಕೆ ಉಟ್ಟು ಎನ್ನುತ್ತೇವೆ. ನಾನು ತಟ್ಟನೆ ಹೇಳಿದೆ. "ಉಟ್ಟಕ್ಕ. ಅಟ್ಟಲಿ ಉಟ್ಟು."

ಇರಲಿಲ್ಲ. ಅದಕ್ಕೆ ಹಿಂದಿನ ವರ್ಷ ಮನೆಗೆ ಬಣ್ಣ ಹೊಡೆಸುವಾಗ ಅಟ್ಟ ಖಾಲಿ ಮಾಡಿಸಿದ್ದೆ. ಪೆಟ್ಟಿಗೆಯ ವೈರನ್ನು ಇಲಿ ತಿಂದಿತ್ತು, ರಟ್ಟಿಗೆ ಬೂಸ್ಟು ಹಿಡಿದು ಕೋಳಿಯ ಕೊಕ್ಕು ಮಾತ್ರ ಉಳಿದಿತ್ತು. ಗುಜರಿಯವನು ಬಂದಿದ್ದ. ಹಳೆಯ ಪೇಪರಿನ ಜೊತೆ ಅದನ್ನೂ ಅವನ ಗಾಡಿಗೆ ಹಾಕಿದೆ. ಅವನು ಬದಲಿಗೆ ಒಂದು ನೀಲಿ ಪ್ಲಾಸ್ಟಿಕ್ ಬಕೆಟ್ ಕೊಟ್ಟ. ಗಟ್ಟಿ ಬಕೆಟ್, ಇವತ್ತಿಗೂ ಒಡೆದಿಲ್ಲ. ಅದನ್ನು ಹಾಕುವಾಗ ನನಗೆ ಅಕ್ಕನ ಬೆರಳು ನೆನಪಾಗಲಿಲ್ಲವೇ ಎಂದು ನೀವು ಕೇಳಬಹುದು. ನೆನಪಾಯಿತು. ಇನ್ನು ಯಾರು ಇದನ್ನೆಲ್ಲ ಕೇಳುತ್ತಾರೆ ಎಂದುಕೊಂಡೆ.

ಅಕ್ಕ ಕೇಳುತ್ತಿದ್ದಳು. ವರ್ಷಕ್ಕೊಮ್ಮೆ, ಅಪ್ಪನ ತಿಥಿಯ ದಿನ, ತಪ್ಪದೆ. ನಾನೂ ವರ್ಷಕ್ಕೊಮ್ಮೆ ಉಟ್ಟು ಎನ್ನುತ್ತಿದ್ದೆ. ಹೋದ ವರ್ಷ ಅವಳ ಹೊಟ್ಟೆಯಲ್ಲಿ ಗಡ್ಡೆ ಕಂಡಿತು. ಮೈಸೂರಿನ ಡಾಕ್ಟರು ಎರಡು ತಿಂಗಳು ಇಟ್ಟುಕೊಂಡು, ಮನೆಗೆ ಕರೆದುಕೊಂಡು ಹೋಗಿ, ಇಷ್ಟವಾದದ್ದು ಕೊಡಿ ಎಂದರು. ಹಾಗೆಂದರೆ ಏನೆಂದು ಎಲ್ಲರಿಗೂ ಗೊತ್ತು. ಅಕ್ಕನಿಗೂ ಗೊತ್ತಾಯಿತು. ಹಾಸಿಗೆ ಹಿಡಿದ ಮೂರನೆಯ ದಿನ ಅವಳು ನನ್ನನ್ನು ಕರೆದು, "ಅಟ್ಟಂದ ಇಳ್ಸ್. ಒರೆಸಿ ಇಡ್" ಎಂದಳು.

ಅವತ್ತಿನಿಂದ ನಾನು ಅರ್ಧ ಹುಚ್ಚನಾದೆ. ಗುಜರಿಯವನನ್ನು ಹುಡುಕಿದೆ, ಅವನು ಯಾವಾಗಲೋ ಕೇರಳದ ಬಸ್ಸು ಹತ್ತಿದ್ದನಂತೆ. ಪ್ಲೇಟಿನ ಹೆಸರೂ ನನಗೆ ತಿಳಿಯದು. ನಾವು ಅದನ್ನು ಯಾವತ್ತೂ ಸಾವಿನ ಪ್ಲೇಟು ಎಂದೇ ಕರೆದದ್ದು. ಕೊನೆಗೆ ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ ಇಟ್ಟಿರುವ ರಫೀಕನ ಬಳಿ ಹೋದೆ. ನನ್ನ ವಯಸ್ಸಿನವನೇ, ಹಳೆಯ ಹಾಡಿನ ಹುಚ್ಚು ಇದ್ದವನು.

"ರಾಗ ಗೊತ್ತುಂಟಲ್ಲ ಸಾರ್? ಫೋನು ಬಾಯಿ ಹತ್ರ ಹಿಡ್ದು ಹೂಂ ಹೂಂ ಅಂತ ಹಾಡಿ. ಅದೇ ಕಂಡುಹಿಡೀತದೆ" ಎಂದ ರಫೀಕ್.

ಚಾರ್ಜರ್ ಕೊಳ್ಳಲು ಬಂದ ನಾಲ್ಕು ಜನರ ಮುಂದೆ ನಾನು ಸಾವಿನ ಪ್ಲೇಟನ್ನು ಗುನುಗಿದೆ. ಫೋನು ಯೋಚಿಸಿ ಅಯ್ಯಪ್ಪನ ಭಜನೆ ತೋರಿಸಿತು. ಇನ್ನೊಮ್ಮೆ ಗುನುಗಿದೆ. ಒಂದು ಜೋಗುಳ ಬಂತು. ಅಂಗಡಿಯಲ್ಲಿದ್ದ ಹೆಂಗಸೊಬ್ಬರು ನನ್ನನ್ನು ಕನಿಕರದಿಂದ ನೋಡಿದರು. ಆಮೇಲೆ ರಫೀಕನೇ ಕೇಳಿದ. "ಕವರಿನ ಮೇಲೆ ಏನಿತ್ತು ಸಾರ್?"

"ಆರ್ಗನ್. ಅದರ ಮೇಲೆ ಕೋಳಿ."

ಅವನು ಇಂಗ್ಲಿಷಿನಲ್ಲಿ ಅದನ್ನೇ ಹೊಡೆದ. ಕೋಳಿ ಬಂದೇ ಬಿಟ್ಟಿತು. ಅದೇ ಕೆಂಪು ಕೋಳಿ, ಬೂಸ್ಟಿಲ್ಲದೆ, ಕೊಕ್ಕಿನಿಂದ ಬಾಲದವರೆಗೆ. ನನ್ನ ಕಣ್ಣು ತುಂಬಿತು.

ಯಾರೋ ಇಂಗ್ಲೆಂಡಿನವರು ಅದರ ಬಗ್ಗೆ ಉದ್ದಕ್ಕೆ ಬರೆದಿದ್ದರು. ಅರ್ಥವಾದಷ್ಟು ಓದಿದೆ. ಅದು ರಾಕ್ ಸಂಗೀತವಂತೆ. ನಾಲ್ಕು ಹುಡುಗರು ಸೇರಿ ಮಾಡಿದ್ದು, ಗಿಟಾರಿಗೆ ಜಾಗವೇ ಕೊಡದೆ ಎಲ್ಲವನ್ನೂ ಆರ್ಗನ್ನಿನಲ್ಲೇ ನುಡಿಸಿದ್ದಾರಂತೆ. ಬಿಡುಗಡೆಯಾದಾಗ ಯಾರೂ ಕೊಳ್ಳಲಿಲ್ಲ, ಹುಡುಗರು ಬೇರೆ ಬೇರೆ ಉದ್ಯೋಗಕ್ಕೆ ಹೋದರು, ಇಂಥ ಒಳ್ಳೆಯ ಆಲ್ಬಮನ್ನು ಲೋಕ ಕೇಳಲೇ ಇಲ್ಲ ಎಂದು ಬರೆದವರಿಗೆ ಬಹಳ ಸಂಕಟ. ಇಂಗ್ಲೆಂಡಿನಲ್ಲಿ ಯಾರೂ ಕೇಳದ ಪ್ಲೇಟನ್ನು ನಮ್ಮ ಲೈನಿನಲ್ಲಿ ಕೇಳದೆ ಯಾರೂ ಮಣ್ಣಿಗೆ ಹೋಗಲಿಲ್ಲ ಎಂದು ಅವರಿಗೆ ಹೇಳುವವರು ಯಾರು? ಒಂದು ಕಡೆ ಪೂರ್ತಿ ಒಂದೇ ಹಾಡಂತೆ. ಸಮುದ್ರದ ದಂಡೆಯ ಜಾತ್ರೆಗೆ ರಜೆಯ ದಿನ ಹೋದವನೊಬ್ಬ ಐಸ್‌ಕ್ರೀಮು ತಿಂದು ಮರದ ಕುದುರೆಯ ಮೇಲೆ ಕೂತು ಗಿರಗಿರ ತಿರುಗುತ್ತಾನೆ. ಅಪ್ಪನಿಗೆ ಲಾರ್ಡ್ ಎಂದೂ ಅಮ್ಮನಿಗೆ ರಾಮ ಎಂದೂ ಕೇಳಿದ ಪದ "ರೌಂಡ್".

ರಫೀಕ್ ಹಾಡು ಹಾಕಿದ. ಕುಣಿಯುವ ಹಾಡು. ಹಾಡುವವನಿಗೆ ಇಪ್ಪತ್ತು ವರ್ಷವಿದ್ದರೆ ಹೆಚ್ಚು. ಆರ್ಗನ್ನು ಕಿಲಕಿಲ ನಗುತ್ತಿತ್ತು. ಇಷ್ಟು ವರ್ಷ ನಾವು ಹೆಣಗಳ ಮುಂದೆ ಅತ್ತದ್ದು ಇದಕ್ಕೆ. ನನಗೆ ನಗು ಬರಬೇಕಿತ್ತು. ಬರಲಿಲ್ಲ.

"ಇದನ್ನ ನಿಧಾನ ಮಾಡು ರಫೀಕ್. ಲೋ ವೋಲ್ಟೇಜಲ್ಲಿ ತಿರುಗಿದ ಹಾಗೆ ಮಾಡು" ಎಂದೆ.

ಅವನು ಏನೋ ಒತ್ತಿದ. ಹಾಡು ನಿಧಾನವಾಯಿತು, ಆದರೆ ದನಿ ಇಳಿಯಲಿಲ್ಲ. ಅದೇ ಹುಡುಗ ಕುಂಟುತ್ತ ಹಾಡಿದ. "ಸ್ಪೀಡ್ ಮಾತ್ರ ಕಮ್ಮಿ ಆಗೋದು ಸಾರ್, ವಾಯ್ಸ್ ಹಂಗೇ ಇರ್ತದೆ. ದನಿ ಕೆಡಬಾರ್ದು ಅಂತ ಫೋನಿನವ್ರು ಹಂಗೆ ಮಾಡಿರೋದು" ಎಂದ. ನನಗೆ ಬೇಕಾದದ್ದು ಆ ಕೆಟ್ಟ ದನಿಯೇ ಎಂದೆ. ಅವನು ತಲೆ ತುರಿಸಿಕೊಂಡು, ಮೈಸೂರಿನಲ್ಲಿ ತನ್ನ ಭಾವನಿಗೆ ಸ್ಟುಡಿಯೋ ಉಂಟು, ಸೋಮವಾರದೊಳಗೆ ಮಾಡಿಸಿ ಕೊಡುತ್ತೇನೆ ಎಂದ. ಅವತ್ತು ಗುರುವಾರ.

ಸೋಮವಾರದವರೆಗೆ ಕಾಯುವ ಧೈರ್ಯ ನನಗಾಗಲಿಲ್ಲ. ಮನೆಗೆ ಬಂದು ಅಕ್ಕನ ದಿಂಬಿನ ಹತ್ತಿರ ಫೋನಿಟ್ಟು, ಪೆಟ್ಟಿಗೆ ಕೆಟ್ಟಿದೆ, ಅದೇ ಹಾಡು ಫೋನಿನಲ್ಲಿ ಸಿಕ್ಕಿತು ಎಂದು ಹೇಳಿ ಹಾಕಿದೆ. ಅಕ್ಕ ಕಣ್ಣು ಮುಚ್ಚಿ ಎರಡು ನಿಮಿಷ ಕೇಳಿದಳು.

"ಇದ್ ಎಂತ, ಐಸ್‌ಕ್ಯಾಂಡಿಯವನ ಪೀಪಿಯಾ? ನಮ್ಮದ್ ಹಾಕ್."

"ಇದೇ ಅಕ್ಕ ನಮ್ಮದ್."

"ಅಲ್ಲ" ಎಂದಳು. ಅಷ್ಟೇ. ನಾನು ಆರಿಸಿದೆ.

ಮರುದಿನ ಬೆಳಿಗ್ಗೆ ಅವಳ ಮೈ ಒರೆಸಲು ಗೌರಿ ಬಿಸಿನೀರು ಕಾಯಿಸಿದ್ದಳು. ನಾನು ಬಕೆಟ್ಟಿಗೆ ಸುರಿದು ತಂದು ಮಂಚದ ಪಕ್ಕದಲ್ಲಿಟ್ಟೆ. ಅಕ್ಕ ತಲೆ ಹೊರಳಿಸಿ ಅದನ್ನು ನೋಡಿದಳು. ನೀಲಿ ಬಕೆಟ್.

"ಪ್ಲೇಟ್ ಕೊಟ್ಟ್ ತಕ್ಕೊಂಡದ್ ಇದೇ ಅಲ್ಲಾ?"

ಗೌರಿ ಹೇಳಿದ್ದಳಂತೆ. ಅಕ್ಕ ನಮ್ಮ ಮನೆಗೆ ಬಂದ ಮೊದಲ ವಾರವೇ, ಬಕೆಟ್ ಚೆನ್ನಾಗಿದೆ, ಎಲ್ಲಿ ತಂದದ್ದು ಎಂದು ಅಕ್ಕ ಕೇಳಿದಾಗ, ಯಾವ ಕಪಟವೂ ಇಲ್ಲದೆ ಹೇಳಿದ್ದಳು. ಅಂದರೆ ಅಷ್ಟು ವರ್ಷವೂ ಅಕ್ಕನಿಗೆ ಗೊತ್ತಿತ್ತು. ಆ ಬಕೆಟ್ಟಿನಲ್ಲೇ ದಿನಾ ಮಿಂದಿದ್ದಳು.

"ಗೊತ್ತಿದ್ದೂ ಎಂತಕೆ ಅಕ್ಕ ಪ್ರತಿ ವರ್ಷ ಕೇಳ್ತಿದ್ದೆ?" ಎಂದೆ.

"ನೀ ಉಟ್ಟು ಹೇಳುವಾಗ ಕೇಳಿಕೆ ಲಾಯ್ಕ" ಎಂದಳು ಅಕ್ಕ. ಕೇಳಲು ಚೆಂದವಂತೆ.

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವಳ ಬಲಗೈಯ ತೋರುಬೆರಳು ಹೊದಿಕೆಯ ಮೇಲೆ ಆಡತೊಡಗಿತು. ಗೌರಿ ಸಂಕಟಕ್ಕೆ ಇರಬೇಕು ಎಂದು ಬೆರಳನ್ನು ಹಿಡಿದುಕೊಳ್ಳಲು ಹೋದಳು. ನಾನು ಬೇಡ ಎಂದೆ. ಅದು ಸುತ್ತುತ್ತಿತ್ತು. ಪಂಪಿನ ವೇಗ, ಅವಸರವಿಲ್ಲ. ಮೊಣಕಾಲೂರಿ, ಅಂತೋಣಿ ಬಗ್ಗಿದ ಹಾಗೆ ಬಗ್ಗಿ, ಆ ಬೆರಳಿನ ಹತ್ತಿರ ಕಿವಿ ಇಟ್ಟೆ. ಬಟ್ಟೆ ಸವರುವ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ. ಆದರೂ ಬಹಳ ಹೊತ್ತು ಹಾಗೇ ಇದ್ದೆ.

ಶನಿವಾರ ಬೆಳಿಗ್ಗೆ ಅಕ್ಕ ಹೋದಳು.

ಹಜಾರದಲ್ಲಿ ಮಲಗಿಸಿದೆವು. ನೆಂಟರು, ಬೀದಿಯವರು, ಅವಳ ಅಂಗನವಾಡಿಯಲ್ಲಿ ಅಕ್ಷರ ಕಲಿತು ಈಗ ತಲೆ ನರೆಯುತ್ತಿರುವವರು ಬಂದು ಕುರ್ಚಿಗಳಲ್ಲಿ ಕೂತರು. ಲೈನಿನ ಕಡೆಯವರು ಯಾರೂ ಇರಲಿಲ್ಲ, ಪ್ಲೇಟು ಹಾಕಿಸಿಕೊಂಡು ಹೋದವರು ಹೋದರು, ಉಳಿದವರು ಎಲ್ಲೆಲ್ಲಿಗೋ ಚದುರಿದರು. ಫ್ಯಾನು ಒಂದೇ ವೇಗದಲ್ಲಿ ತಿರುಗುತ್ತಿತ್ತು. ಅವಳ ತಲೆಯ ಹಿಂದೆಯೇ ಸ್ಟೆಬಿಲೈಸರ್. ಮುಳ್ಳು ಇನ್ನೂರ ಮೂವತ್ತು. ರಫೀಕನಿಗೆ ಫೋನು ಮಾಡಿದೆ. ಭಾವ ಇನ್ನೂ ಕಳಿಸಿಲ್ಲ ಸಾರ್ ಎಂದ.

ಹೆಣ ಎತ್ತಲು ಹೊತ್ತಾಗುತ್ತಿತ್ತು. ಏನೂ ಇಲ್ಲದೆ ಕಳಿಸುವುದಕ್ಕಿಂತ ಇದ್ದದ್ದನ್ನೇ ಹಾಕುತ್ತೇನೆ ಎಂದುಕೊಂಡೆ. ಐಸ್‌ಕ್ಯಾಂಡಿಯವನದಾದರೂ ಆಗಲಿ, ಅದೇ ಕೋಳಿಯ ಪ್ಲೇಟಲ್ಲವೇ, ಕೊಟ್ಟ ಮಾತಲ್ಲವೇ. ಜುಬ್ಬದ ಜೇಬಿನೊಳಗೇ ಕೈ ಹಾಕಿ ಒತ್ತಿದೆ. ಆರ್ಗನ್ನು ಕಿಲಕಿಲ ಎಂದು ಶುರುವಾಯಿತು. ಹಜಾರದಲ್ಲಿ ಎಲ್ಲರ ತಲೆಯೂ ಎದ್ದಿತು.

"ಯಾರ್‌ದಪ್ಪ ಅದು ಫೋನು ಹೊಡ್ಕೊಳ್ತಿರೋದು?" ಹಿರಿಯರೊಬ್ಬರು ಗದರಿದರು. "ಸಾವಿನ ಮನೆ ಅಂತ ಗೊತ್ತಾಗಲ್ವಾ? ಆಫ್ ಮಾಡ್ರಿ."

ಎಲ್ಲರೂ ಗಾಬರಿಯಿಂದ ತಮ್ಮ ತಮ್ಮ ಜೇಬು ಮುಟ್ಟಿ ನೋಡಿಕೊಂಡರು. ನಾನೂ ಅವರ ಹಾಗೆಯೇ ಮುಟ್ಟಿ ನೋಡಿಕೊಂಡೆ. ಆಫ್ ಮಾಡಿದೆ.